ಮೀನಿನ ಆಹಾರದ ತೇವಾಂಶ: ಪ್ರಯೋಗಗಳ ಅರ್ಥನಿರ್ಣಯವನ್ನು ಕುರಿತು ಒಂದು ವಿಮರ್ಶೆ

ಸಾಕುಮೀನುಗಳಿಗೆ ಒಣಗಿದ ಆಹಾರವನ್ನು ಕೊಡುವುದು ಲೇಸೋ ತೇವವುಳ್ಳ ಆಹಾರವನ್ನು ಕೊಡುವುದು ಲೇಸೋ ಎಂಬ ಪ್ರಶ್ನೆ ಮತ್ಸ್ಯಕೃಷಿಯ ಶಾಸ್ತ್ರಸಾಹಿತ್ಯದಲ್ಲಿ ಹೊಸದೇನಲ್ಲ. ತೇವದ ಆಹಾರವನ್ನು ತಿಂದ ಮೀನು ಬೇಗ ಬೆಳೆಯಿತು, ರೋಗವನ್ನೂ ಚೆನ್ನಾಗಿ ತಡೆದುಕೊಂಡಿತು ಎಂದು ಒಂದು ವರದಿ ಹೇಳಿದರೆ, ಅಂಥ ಆಹಾರದಿಂದಲೇ ರೋಗ ಹಬ್ಬಿತೆಂದು ಇನ್ನೊಂದು ವರದಿ ಹೇಳುವುದು. ಎರಡನ್ನೂ ಓದಿದ ವಿದ್ಯಾರ್ಥಿ, ಫಲವು ಮೀನಿನ ಜಾತಿಯನ್ನು ಅವಲಂಬಿಸಿದೆ ಎಂಬ ಒಂದು ಸುಲಭವಾಕ್ಯವನ್ನು ಬರೆದು ಮುಂದಕ್ಕೆ ಹೋಗುವನು. ಜಾತಿಭೇದವಿರುವುದು ನಿಜ. ಆದರೆ ಈ ವಿರೋಧದ ಬಹುಭಾಗ ಮೀನಿನಲ್ಲಿಲ್ಲ, ಪ್ರಯೋಗದ ಲೆಕ್ಕದಲ್ಲಿದೆ ಎಂಬುದು ನಮ್ಮ ಅಭಿಪ್ರಾಯ. ನೀರಿನ ಗುಣವೆಂದು ಹೊಗಳಿದ್ದು ಅನೇಕ ವೇಳೆ ನೀರಿನೊಡನೆ ಬಂದ ಬೇರೊಂದು ಪದಾರ್ಥದ ಗುಣ. ನೀರಿನ ದೋಷವೆಂದು ಹಳಿದದ್ದೂ ಹಾಗೆಯೇ ಪರರ ದೋಷ. ಮೀನು ಸಾಕುವವನ ಖರ್ಚಿನಲ್ಲಿ ಅತ್ಯಂತ ದೊಡ್ಡ ಬಾಬು ಆಹಾರದ್ದು. ಅವನಿಗೆ ಸಲಹೆ ಕೊಡುವವರು ಯಾವುದಕ್ಕೆ ಯಾವುದು ಕಾರಣವೆಂದು ತಿಳಿಯದೆ ಸಲಹೆ ಕೊಟ್ಟರೆ ನಷ್ಟವಾಗತಕ್ಕದ್ದು ಅವನಿಗೆ, ಸಲಹೆಗಾರರಿಗಲ್ಲ.

ಮೊದಲು ಪದವನ್ನೇ ಬಿಡಿಸಿ ನೋಡಬೇಕು. ‘ತೇವಾಂಶ’ ಎಂಬ ಒಂದೇ ಮಾತಿನಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಅಡಗಿವೆ. ಆಹಾರವನ್ನು ತಯಾರಿಸುವಾಗ ಅದರಲ್ಲಿರುವ ನೀರು ಒಂದು. ಚೀಲದಲ್ಲಿ ತುಂಬಿ ದಾಸ್ತಾನಿಟ್ಟಾಗ ಉಳಿದಿರುವ ನೀರು ಮತ್ತೊಂದು. ಮೀನು ಬಾಯಿಗೆ ತೆಗೆದುಕೊಳ್ಳುವ ಗಳಿಗೆಯಲ್ಲಿರುವ ನೀರು ಮೂರನೆಯದು. ಈ ಮೂರರ ಕೆಲಸ ಬೇರೆ, ಫಲ ಬೇರೆ. ಪೆಲೆಟ್ ಎಂದು ವ್ಯಾಪಾರದಲ್ಲಿ ಕರೆಯುವ ಒಣ ಗುಳಿಗೆ ಹುಟ್ಟುವಾಗ ಒಣಗಿರುವುದಿಲ್ಲ. ಹಬೆ ಹಾಯಿಸಿ ಒತ್ತುವ ಯಂತ್ರದಲ್ಲಿ ಹಿಟ್ಟಿನ ತೇವಾಂಶ ಶೇಕಡ ೧೬ರ ಸುಮಾರಿಗೆ ಏರುವುದು. ಎಕ್ಸ್‌ಟ್ರೂಡರ್ ಯಂತ್ರದಲ್ಲಿ ಅದು ಶೇಕಡ ೨೦ರಿಂದ ೩೦ರವರೆಗೆ ಇರುವುದಲ್ಲದೆ ಉಷ್ಣತೆಯೂ ೧೦೦ ಡಿಗ್ರಿ ಸೆಲ್ಸಿಯಸನ್ನು ಮೀರುವುದು. ಆ ನೀರು ಆ ಕಾವು ಎರಡೂ ಕೂಡಿದಾಗಲೇ ಪಿಷ್ಟವು ಬೆಂದು ಅಂಟಾಗಿ, ಗುಳಿಗೆ ಕೊಳದಲ್ಲಿ ಬಿದ್ದ ಕೂಡಲೆ ಕದಡಿಹೋಗದಂತೆ ನಿಲ್ಲುವುದು. ಅನಂತರ ಅದನ್ನು ಒಣಗಿಸಿ ಶೇಕಡ ೧೦ಕ್ಕಿಂತ ಕೆಳಗೆ ಇಳಿಸುವರು. ಕೊಳಕ್ಕೆ ಎಸೆದ ಮೇಲೆ ಅದು ಮತ್ತೆ ನೀರು ಹೀರುವುದು. ಒಂದೇ ಗುಳಿಗೆ ಹೀಗೆ ಮೊದಲು ಒದ್ದೆ, ನಡುವೆ ಒಣ, ಕೊನೆಗೆ ಮತ್ತೆ ಒದ್ದೆ. ಇದರಲ್ಲಿ ನಡುವಣ ಅವಸ್ಥೆಯೊಂದನ್ನೇ ಹಿಡಿದು ‘ಒಣ ಆಹಾರ’ ಎಂದು ಹೆಸರಿಟ್ಟು, ಬೆಳೆವಣಿಗೆಯ ಫಲವನ್ನೆಲ್ಲ ಆ ಹೆಸರಿಗೆ ಕಟ್ಟುವುದು ಯುಕ್ತವಲ್ಲ.

ಇನ್ನು ಲೆಕ್ಕದ ಮಾತು. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುವುದು ಅಗತ್ಯ. ಏಕೆಂದರೆ ತಪ್ಪುಗಳಲ್ಲಿ ಹೆಚ್ಚಿನವು ಇಲ್ಲಿಯೇ ಹುಟ್ಟುವುವು. ನೂರು ಕಿಲೋ ಮೀನಿರುವ ಎರಡು ಕೊಳಗಳನ್ನು ಕಲ್ಪಿಸಿಕೊಳ್ಳೋಣ. ಎರಡಕ್ಕೂ ದಿನಕ್ಕೆ ಮೈತೂಕದ ಶೇಕಡ ೩ರಂತೆ ೩ ಕಿಲೋ ಆಹಾರವೆಂದು ನಿಗದಿಯಾಗಿದೆ. ಮೊದಲನೆಯದಕ್ಕೆ ಶೇಕಡ ೮ ತೇವಾಂಶದ ಗುಳಿಗೆ, ಎರಡನೆಯದಕ್ಕೆ ಶೇಕಡ ೩೦ ತೇವಾಂಶದ ಗುಳಿಗೆ. ನೀರನ್ನು ಕಳೆದು ಉಳಿಯುವ ಶುಷ್ಕಾಂಶ ಮೊದಲನೆಯದರಲ್ಲಿ ೨.೭೬ ಕಿಲೋ, ಎರಡನೆಯದರಲ್ಲಿ ೨.೧೦ ಕಿಲೋ. ಎರಡನೆಯ ಕೊಳದ ಮೀನಿಗೆ ದಿನದಿನವೂ ಹೆಚ್ಚು ಕಡಮೆ ಕಾಲುಭಾಗ ಆಹಾರ ಕಡಮೆ ಬೀಳುತ್ತಿದೆ. ಎರಡು ತಿಂಗಳ ಕೊನೆಯಲ್ಲಿ ಆ ಮೀನು ಹಿಂದೆ ಬಿದ್ದಿದ್ದರೆ ಅದು ತೇವದ ಫಲವಲ್ಲ, ಅರೆಹೊಟ್ಟೆಯ ಫಲ. ‘ಎರಡು ಗುಂಪಿಗೂ ಸಮಾನ ಪ್ರಮಾಣದಲ್ಲಿ ಆಹಾರ ಕೊಡಲಾಯಿತು’ ಎಂಬ ವಾಕ್ಯ ಪ್ರಬಂಧಗಳಲ್ಲಿ ಎಷ್ಟು ನಿರ್ದೋಷವಾಗಿ ಕಾಣುವುದು!

ಆಹಾರ ಪರಿವರ್ತನ ಪ್ರಮಾಣದ ಗತಿಯೂ ಇದೇ. ಒಂದು ಕಿಲೋ ಮೀನು ಬೆಳೆಯಲು ಒಣ ಗುಳಿಗೆ ೧.೫ ಕಿಲೋ, ತೇವದ ಗುಳಿಗೆ ೧.೯೫ ಕಿಲೋ, ಹಸಿ ಬೂತಾಯಿ ೭ ಕಿಲೋ ಬೇಕಾಯಿತೆಂದು ಇಟ್ಟುಕೊಂಡರೆ, ಏಳು ಎಂಬ ಅಂಕಿಯನ್ನು ಕಂಡವರು ಹಸಿಮೀನನ್ನು ದುಂದುಗಾರಿಕೆಯೆಂದು ದೂರುವರು. ಹಸಿಮೀನಿನಲ್ಲಿ ಮುಕ್ಕಾಲು ಪಾಲು ನೀರು. ನೀರನ್ನು ಕಳೆದರೆ ಮೂರೂ ಕ್ರಮವಾಗಿ ೧.೩೮, ೧.೩೭, ೧.೭೫ ಆಗುವುವು. ಮೊದಲೆರಡಕ್ಕೆ ಭೇದವೇ ಇಲ್ಲ; ಮೂರನೆಯದಕ್ಕೂ ಮೊದಲನೆಯದಕ್ಕೂ ನಾಲ್ಕೂವರೆ ಪಟ್ಟಿಗೂ ಮಿಕ್ಕಿದ್ದ ಅಂತರ ಈಗ ಕಾಲುಪಾಲಿನಷ್ಟಕ್ಕೆ ಇಳಿಯಿತು. ಪ್ರೋಟೀನಿನ ಅಂಕಿಗಳಲ್ಲಿ ಭ್ರಾಂತಿ ಇನ್ನೂ ಸೂಕ್ಷ್ಮ. ಶೇಕಡ ೮ ತೇವದ ಗುಳಿಗೆಯಲ್ಲಿ ಶೇಕಡ ೩೫ ಪ್ರೋಟೀನೆಂದೂ ಶೇಕಡ ೩೦ ತೇವದ ಗುಳಿಗೆಯಲ್ಲಿ ಶೇಕಡ ೩೦ ಪ್ರೋಟೀನೆಂದೂ ಚೀಟಿಯಲ್ಲಿ ಬರೆದಿದ್ದರೆ ಮೊದಲನೆಯದೇ ಪುಷ್ಟಿಕರವೆಂದು ತೋರುವುದು. ಶುಷ್ಕಾಂಶದ ಮೇಲೆ ಲೆಕ್ಕ ಹಾಕಿದರೆ ಮೊದಲನೆಯದರಲ್ಲಿ ೩೮, ಎರಡನೆಯದರಲ್ಲಿ ಸುಮಾರು ೪೩. ಬಲಹೀನವೆಂದು ಕಂಡದ್ದೇ ಬಲವತ್ತರ. ಇಷ್ಟೇ ಅಲ್ಲ: ಮೀನಿನ ಮೈಯಲ್ಲಿಯೂ ಬಹುಪಾಲು ನೀರೇ, ಕೊಬ್ಬು ಕಡಮೆಯಾದಂತೆಲ್ಲ ಆ ಪಾಲು ಹೆಚ್ಚುವುದು. ಆದುದರಿಂದ ತಕ್ಕಡಿಯ ಮೇಲೆ ಕಂಡ ತೂಕವೆಲ್ಲ ಮಾಂಸವಲ್ಲ. ಪ್ರಯೋಗದ ಆದಿಯಲ್ಲಿಯೂ ಅಂತ್ಯದಲ್ಲಿಯೂ ಕೆಲವು ಮೀನುಗಳನ್ನು ಒಣಗಿಸಿ ವಿಶ್ಲೇಷಿಸದ ವರದಿಯನ್ನು ನಾವು ಅರ್ಧ ವರದಿಯೆಂದೇ ಎಣಿಸುತ್ತೇವೆ.

ತೇವದ ಆಹಾರಕ್ಕೆ ಶಾಸ್ತ್ರದಲ್ಲಿ ಗೌರವದ ಸ್ಥಾನ ದೊರೆತದ್ದು ಅಮೆರಿಕದ ಪಶ್ಚಿಮ ತೀರದ ಸಾಲ್ಮನ್ ಮರಿಗಳ ಸಾಕಣೆಯಿಂದ. ಅಲ್ಲಿಯ ಮರಿ ಉತ್ಪಾದನ ಕೇಂದ್ರಗಳಲ್ಲಿ ಬಹುಕಾಲ ದನದ ಯಕೃತ್ತು, ಗುಲ್ಮ ಮೊದಲಾದ ಹಸಿ ಮಾಂಸವನ್ನೂ, ಮೊಟ್ಟೆಯಿಡಲು ನದಿಗೆ ಮರಳಿದ ಸಾಲ್ಮನ್ ಮೀನುಗಳ ಕರುಳು ದೇಹಗಳನ್ನೂ ಅರೆದು ಮರಿಗಳಿಗೆ ಉಣಿಸುತ್ತಿದ್ದರು. ಸತ್ತ ತಾಯಿಯನ್ನು ಮಕ್ಕಳಿಗೆ ಉಣಿಸುವ ಈ ಪದ್ಧತಿ ಮಿತವ್ಯಯದ್ದಾಗಿ ಕಂಡಿತು. ಆದರೆ ೧೯೫೮ರಲ್ಲಿ ವುಡ್ ಮತ್ತು ಆರ್ಡಲ್ ಎಂಬ ವಿದ್ವಾಂಸರು ಸಾಲ್ಮನ್ ಮೀನುಗಳ ಕ್ಷಯರೋಗವನ್ನು ಕುರಿತು ಪ್ರಕಟಿಸಿದ ಅಧ್ಯಯನದಿಂದಲೂ ಆ ಕಾಲದ ಇತರ ಪರಿಶೀಲನೆಗಳಿಂದಲೂ ಈ ಪದ್ಧತಿಯ ನಿಜಸ್ವರೂಪ ಬಯಲಾಯಿತು. ರೋಗದ ಮೈಕೋಬ್ಯಾಕ್ಟೀರಿಯ ಹಸಿ ಸಾಲ್ಮನ್ ಮಾಂಸದೊಡನೆ ಮರಿಗಳ ಹೊಟ್ಟೆಗೆ ಸೇರಿ, ಮರಿಗಳು ಸಮುದ್ರಕ್ಕೆ ಹೋಗಿ ಬೆಳೆದು ನದಿಗೆ ಮರಳಿದಾಗ ಅವುಗಳ ಮೈಯಲ್ಲಿಯೇ ಇದ್ದು, ಮತ್ತೆ ಮುಂದಿನ ತಲೆಮಾರಿನ ಆಹಾರವಾಗುತ್ತಿತ್ತು. ಚಕ್ರ ಪೂರ್ಣವಾಗಿತ್ತು.

೧೯೫೯ರಲ್ಲಿ ಆರೆಗಾನ್ ರಾಜ್ಯದಲ್ಲಿ ಬಳಕೆಗೆ ತಂದ ತೇವದ ಗುಳಿಗೆ ಈ ಸಂದರ್ಭದಲ್ಲಿ ಹುಟ್ಟಿದ್ದು. ಅರೆದ ಹಸಿಮೀನಿನ ಭಾಗವನ್ನು ಮೀನುಪುಡಿ, ಹತ್ತಿಬೀಜದ ಹಿಂಡಿ, ಗೋಧಿಯ ಮೊಳಕೆಯ ಪುಡಿ, ಜೀವಸತ್ತ್ವಗಳು, ಎಣ್ಣೆ ಇವುಗಳೊಡನೆ ಕಲಸಿ ಗುಳಿಗೆ ಮಾಡಿ ಹಿಮಗಟ್ಟಿಸಿ ಇಡುತ್ತಿದ್ದರು. ತೇವಾಂಶ ಶೇಕಡ ೩೦ರ ಆಸುಪಾಸು. ಹಸಿಮೀನನ್ನು ಕಲಸುವ ಮೊದಲು ಪಾಶ್ಚರೀಕರಿಸುವ ಪದ್ಧತಿ ಬಂದ ಮೇಲೆ ಕ್ಷಯರೋಗ ಬಹುಮಟ್ಟಿಗೆ ಅಡಗಿತು. ವಿಮರ್ಶಕನು ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಪಾಶ್ಚರೀಕರಿಸಿದ ಮಾತ್ರಕ್ಕೆ ಗುಳಿಗೆ ಒಣಗಲಿಲ್ಲ. ನೀರು ಅಷ್ಟೇ ಇತ್ತು, ರೋಗ ಹೋಯಿತು. ಹಸಿ ಆಹಾರದ ಅಪರಾಧ ನೀರಿನದಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪ್ರಮಾಣ ಬೇಕಿಲ್ಲ. ಹಾಗೆಯೇ ಈ ಗುಳಿಗೆಯಿಂದ ಮರಿಗಳು ಚೆನ್ನಾಗಿ ಬೆಳೆದದ್ದನ್ನೂ ನೀರಿನ ಮಹಿಮೆಯೆನ್ನಲಾಗದು. ಆ ಕಾಲದ ಒಣ ಗುಳಿಗೆಗಳಲ್ಲಿ ಜೀವಸತ್ತ್ವಗಳ ಮಿಶ್ರಣ ಇನ್ನೂ ಪಕ್ವವಾಗಿರಲಿಲ್ಲ. ಹಸಿಮೀನು ಆ ಕೊರತೆಯನ್ನು ತಾನಾಗಿ ತುಂಬುತ್ತಿತ್ತು.

ಹಸಿಮೀನಿನಲ್ಲಿ ಕ್ರಿಮಿಯಲ್ಲದ ಮತ್ತೊಂದು ವೈರಿಯೂ ಇದೆ. ೧೯೩೨ರಲ್ಲಿ ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ, ತುಪ್ಪಳಕ್ಕಾಗಿ ನರಿಗಳನ್ನು ಸಾಕುತ್ತಿದ್ದ ಒಂದು ಕ್ಷೇತ್ರದಲ್ಲಿ ಹಸಿ ಗೆಂಡೆಮೀನು ತಿಂದ ನರಿಗಳು ಲಕ್ವ ಹೊಡೆದು ಸತ್ತುವು. ಮೀನಿನ ಒಡಲಲ್ಲಿದ್ದ ಥಯಮಿನೇಸ್ ಎಂಬ ಕಿಣ್ವವು ಥಯಮಿನ್ ಜೀವಸತ್ತ್ವವನ್ನು ನಾಶಮಾಡುವುದೇ ಇದರ ಕಾರಣವೆಂದು ಮುಂದೆ ತಿಳಿಯಿತು. ಈ ಕಿಣ್ವ ಎಲ್ಲ ಮೀನುಗಳಲ್ಲಿಲ್ಲ. ಇರುವವುಗಳಲ್ಲಿ ಬೇಯಿಸಿದರೆ ನಾಶವಾಗುವುದು. ಹಸಿಯಾಗಿ ಅರೆದು ಹಿಟ್ಟಿನೊಡನೆ ಕಲಸಿ ಇಟ್ಟರೆ ಮಾತ್ರ, ಮೀನು ತಿನ್ನುವುದಕ್ಕೆ ಮೊದಲೇ ಅದು ಹಿಟ್ಟಿನ ಥಯಮಿನ್ನನ್ನು ತಿಂದು ಮುಗಿಸಿರುವುದು. ಮೇವು ಬಿಟ್ಟು, ಸಮತೋಲ ತಪ್ಪಿ ಸುತ್ತುವ ಮರಿಗಳನ್ನು ಕಂಡು ಸೋಂಕು ತಗುಲಿತೆಂದು ಔಷಧಿ ಹಾಕುವುದುಂಟು. ಇಲ್ಲಿ ನೀರಿಗೆ ಒಂದು ಪಾತ್ರವಿದೆ ಎಂಬುದನ್ನು ಒಪ್ಪಬೇಕು: ಕಿಣ್ವ ಕೆಲಸ ಮಾಡಲು ಅದು ಬೇಕು. ಆದರೆ ಪಾತ್ರಧಾರಿ ಬೇರೆ, ರಂಗಸ್ಥಳ ಬೇರೆ.

ಹಿಮಗಟ್ಟಿಸಿದರೆ ಎಲ್ಲ ಭಯವೂ ತೀರಿತೆಂದು ತಿಳಿಯುವುದೂ ಸರಿಯಲ್ಲ. ಆಸ್ಟ್ರೇಲಿಯದ ದಕ್ಷಿಣ ತೀರದಲ್ಲಿ ೧೯೯೫ರಲ್ಲಿಯೂ ಮತ್ತೆ ೧೯೯೮ರಲ್ಲಿಯೂ ಪಿಲ್ಚರ್ಡ್ ಮೀನುಗಳು ಲೆಕ್ಕವಿಲ್ಲದಷ್ಟು ಸತ್ತು ತೇಲಿದುವು. ಕಾರಣ ಒಂದು ಹರ್ಪಿಸ್ ವೈರಸ್. ಟ್ಯೂನ ಮೀನುಗಳ ಪಂಜರಗಳಿಗೆ ಆಹಾರವಾಗಿ ಹೊರದೇಶಗಳಿಂದ ತರಿಸುತ್ತಿದ್ದ ಹಿಮಗಟ್ಟಿದ ಪಿಲ್ಚರ್ಡಿನ ಮೇಲೆ ಸಂಶಯ ಬಿದ್ದಿತು, ಸಂಶಯ ಸಿದ್ಧಾಂತವಾಗಲಿಲ್ಲ. ಆದರೂ ಹಿಮವು ವೈರಸ್ಸನ್ನು ಕೊಲ್ಲುವುದಕ್ಕಿಂತ ಕಾಪಾಡುವುದೇ ಹೆಚ್ಚು ಎಂಬುದನ್ನು ಯಾರೂ ಅಲ್ಲಗಳೆಯಲಾರರು.

ಜಪಾನಿನ ಬುರಿ ಮೀನಿನ ಸಾಕಣೆ ಇದೇ ವಾದವನ್ನು ಬೆಳೆವಣಿಗೆಯ ಕಡೆಯಿಂದ ತೋರಿಸುವುದು. ಅಲ್ಲಿ ದೀರ್ಘಕಾಲ ಹಸಿ ಸಾರ್ಡೀನೇ ಮೇವು. ಆಮೇಲೆ ಹಸಿಮೀನಿಗೆ ಪುಡಿ ಕಲಸಿದ ತೇವದ ಗುಳಿಗೆ ಬಂದಿತು. ಮೊದಮೊದಲ ಗಟ್ಟಿ ಒಣ ಗುಳಿಗೆಗಳನ್ನು ಬುರಿ ಮೆಚ್ಚಲಿಲ್ಲ, ಬೆಳೆಯಲೂ ಇಲ್ಲ. ಬುರಿಗೆ ನೀರುಳ್ಳ ಆಹಾರವೇ ಬೇಕೆಂಬ ನಂಬಿಕೆ ಇದರಿಂದ ಬಲಿಯಿತು. ೧೯೮೦ರ ದಶಕದ ಕೊನೆಯ ಹೊತ್ತಿಗೆ ಎಕ್ಸ್‌ಟ್ರೂಡರಿನಲ್ಲಿ ಉಬ್ಬಿಸಿ ಎಣ್ಣೆಯನ್ನು ಧಾರಾಳವಾಗಿ ಹೀರಿಸಿದ, ಮೃದುವಾದ ಒಣ ಗುಳಿಗೆ ಸಿದ್ಧವಾಯಿತು. ಬುರಿ ಅದನ್ನು ತಿಂದಿತು, ಬೆಳೆಯಿತು. ಅದಕ್ಕೆ ಬೇಕಾಗಿದ್ದುದು ನೀರಲ್ಲ, ಮೃದುತ್ವ ಮತ್ತು ಶಕ್ತಿ ಎಂದಾಯಿತು. ನಾರ್ವೆಯ ಸಾಲ್ಮನ್ ಸಾಕಣೆಯೂ ಆ ದಶಕದಲ್ಲಿಯೇ ತೇವದ ಆಹಾರವನ್ನು ಬಿಟ್ಟು ಒಣ ಗುಳಿಗೆಗೆ ತಿರುಗಿತು.

ಒಣ ಆಹಾರದ ಪಕ್ಷಪಾತಿಗಳು ಇಷ್ಟಕ್ಕೆ ಸಂತೋಷಪಡಬೇಕಾಗಿಲ್ಲ. ಮತ್ಸ್ಯಪೋಷಣೆಯ ಚರಿತ್ರೆಯಲ್ಲಿ ಅತ್ಯಂತ ಬೋಧಪ್ರದವಾದ ದುರಂತ ಒಣ ಗುಳಿಗೆಯಿಂದಲೇ ಆದದ್ದು. ೧೯೬೦ರಲ್ಲಿ ಅಮೆರಿಕದ ಮರಿ ಉತ್ಪಾದನ ಕೇಂದ್ರಗಳ ರೇನ್‌ಬೋ ಟ್ರೌಟ್ ಮೀನುಗಳಲ್ಲಿ ಯಕೃತ್ತಿನ ಅರ್ಬುದ ಸಾಂಕ್ರಾಮಿಕವೋ ಎಂಬಂತೆ ಕಾಣಿಸಿಕೊಂಡಿತು. ಹಸಿ ಮಾಂಸವನ್ನು ಬಿಟ್ಟು ಒಣ ಗುಳಿಗೆಗೆ ಬಂದ ಕೇಂದ್ರಗಳಲ್ಲಿ ಈ ಹಾವಳಿ. ಆಗಿನ ಅಂಕಿಗಳನ್ನು ಮಾತ್ರ ಇಟ್ಟುಕೊಂಡು ಒಣ ಆಹಾರ ಮತ್ತು ಅರ್ಬುದ ಎಂಬ ಎರಡು ಕಾಲಮುಗಳ ಕೋಷ್ಟಕ ಬರೆದಿದ್ದರೆ, ತೇವ ಕಡಮೆಯಾದುದರಿಂದ ಅರ್ಬುದ ಬಂದಿತೆಂದು ಸಂಖ್ಯಾಶಾಸ್ತ್ರದ ಮುದ್ರೆಯೊಡನೆ ಸಾಧಿಸಬಹುದಾಗಿತ್ತು. ಅದೇ ವರ್ಷ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿಕೋಳಿಯ ಮರಿಗಳು, ಬ್ರೆಜಿಲಿನಿಂದ ಬಂದ ಕಡಲೆಕಾಯಿ ಹಿಂಡಿಯನ್ನು ತಿಂದು ಸತ್ತಿದ್ದುವು. ಹಿಂಡಿಯ ಮೇಲೆ ಬೆಳೆದ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟಿನ ವಿಷವೇ ಕಾರಣವೆಂದು ಗೊತ್ತಾಗಿ, ಅದಕ್ಕೆ ಅಫ್ಲಟಾಕ್ಸಿನ್ ಎಂಬ ಹೆಸರು ಬಂದಿತು. ಟ್ರೌಟ್ ಮೀನಿನ ಗುಳಿಗೆಯಲ್ಲಿದ್ದ ಹತ್ತಿಬೀಜದ ಹಿಂಡಿಯಲ್ಲಿಯೂ ಅದೇ ವಿಷವಿತ್ತು. ಈ ಮೀನಾದರೋ ಅದಕ್ಕೆ ಎಷ್ಟು ಸುಲಭವಾಗಿ ಸೋಲುವುದೆಂದರೆ, ಆಹಾರದ ಶತಕೋಟಿ ಭಾಗಗಳಲ್ಲಿ ಒಂದು ಭಾಗದ ಆಸುಪಾಸಿನಲ್ಲಿದ್ದರೂ, ಬಹುಕಾಲ ಉಣಿಸಿದಾಗ ಗಡ್ಡೆಗಳು ಏಳುವುವು. ಒಣ ಗುಳಿಗೆಯ ಅರ್ಬುದಕ್ಕೆ ಮೂಲ ಹೀಗೆ ತೇವವೇ ಆಯಿತು. ಆದರೆ ಅದು ಮೀನಿನ ಬಾಯಿಯ ತೇವವಲ್ಲ, ಯಾವುದೋ ಗೋದಾಮಿನಲ್ಲಿ ಹಿಂಡಿಗೋ ಬೀಜಕ್ಕೋ ತಾಕಿದ ತೇವ. ನಾವು ಮೊದಲಲ್ಲಿ ಮಾಡಿದ ವಿಂಗಡಣೆ ಕೇವಲ ಶಬ್ದಚರ್ಚೆಯಲ್ಲವೆಂಬುದಕ್ಕೆ ಇದೇ ಸಾಕ್ಷಿ.

ಕನ್ನಡನಾಡಿನಲ್ಲಿ ಈ ಸಂಗತಿಗೆ ವಿಶೇಷ ಬೆಲೆಯಿದೆ. ಕಾಟ್ಲ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ ಇವುಗಳಿಗೆ ನಮ್ಮಲ್ಲಿ ಪರಂಪರೆಯಿಂದ ಬಂದ ಕೃತಕ ಆಹಾರವೆಂದರೆ ಅಕ್ಕಿಯ ತೌಡು ಮತ್ತು ಕಡಲೆಕಾಯಿ ಹಿಂಡಿ. ಇವನ್ನು ಸಮಭಾಗವಾಗಿ ಸೇರಿಸಿ ನೆನೆಸಿ ಉಂಡೆ ಕಟ್ಟಿ ತಟ್ಟೆಯಲ್ಲಿಟ್ಟು ಇಳಿಬಿಡುವುದು ರೂಢಿ. ಕರಾವಳಿ ಮಲೆನಾಡುಗಳ ಮಳೆಗಾಲದಲ್ಲಿ ಗೋಣಿಚೀಲದ ಹಿಂಡಿ ಗಾಳಿಯ ತೇವವನ್ನು ಹೀರಿ ಬೂಷ್ಟು ಹಿಡಿಯುವುದನ್ನು ಕಾಣದವರಿಲ್ಲ. ಬೂಷ್ಟು ಬೆಳೆಯುವುದು ಶೇಕಡಾವಾರು ತೇವಾಂಶವನ್ನು ನೋಡಿಯಲ್ಲ. ಪದಾರ್ಥವು ಬಿಗಿಯಾಗಿ ಹಿಡಿದಿಡದೆ ಬಿಟ್ಟಿರುವ ನೀರನ್ನು ನೋಡಿ. ಇದನ್ನು ಜಲಸಕ್ರಿಯತೆ ಎಂದು ಕರೆದು, ಶುದ್ಧಜಲಕ್ಕೆ ೧ ಎಂದಿಟ್ಟು ಅಳೆಯುವರು. ಜೇನಿನಲ್ಲಿ ಶೇಕಡ ೧೭–೧೮ ನೀರಿದ್ದರೂ ಸಕ್ಕರೆ ಅದನ್ನು ಹಿಡಿದುಕೊಂಡಿರುವುದರಿಂದ ಅದು ಕೆಡದು. ಅದಕ್ಕಿಂತ ಕಡಮೆ ನೀರಿರುವ ಹಿಂಡಿ ಬೂಷ್ಟು ಹಿಡಿಯುವುದು. ಉಪ್ಪಿನಕಾಯಿ ಜಾಡಿಗೆ ಒದ್ದೆ ಸೌಟು ಹಾಕಬಾರದೆನ್ನುವ ನಮ್ಮ ಮನೆಯ ಹಿರಿಯರು ಈ ತತ್ತ್ವವನ್ನು ಹೆಸರಿಲ್ಲದೆಯೇ ಬಲ್ಲರು. ಜಲಸಕ್ರಿಯತೆ ೦.೬೫ಕ್ಕಿಂತ ಕೆಳಗಿದ್ದರೆ ಸಾಮಾನ್ಯ ಬೂಷ್ಟುಗಳು ಬೆಳೆಯವು. ಅಫ್ಲಟಾಕ್ಸಿನ್ ಹುಟ್ಟಲು ೦.೮೨ಕ್ಕೆ ಮೇಲ್ಪಟ್ಟು ಬೇಕು. ಬ್ಯಾಕ್ಟೀರಿಯಗಳಲ್ಲಿ ಹೆಚ್ಚಿನವಕ್ಕೆ ೦.೯೦ಕ್ಕೂ ಹೆಚ್ಚು ಬೇಕು. ತೇವದ ಗುಳಿಗೆಗಳಿಗೆ ಪ್ರೊಪಿಲೀನ್ ಗ್ಲೈಕಾಲ್ ಸೇರಿಸುವುದು ಇದಕ್ಕಾಗಿಯೇ: ನೀರು ಇದ್ದಷ್ಟೇ ಇರುವುದು, ಆದರೆ ಕ್ರಿಮಿಗೆ ಎಟುಕದು. ಎರಡು ಆಹಾರಗಳ ತೇವಾಂಶವನ್ನು ಮಾತ್ರ ಕೊಟ್ಟು ಜಲಸಕ್ರಿಯತೆಯನ್ನು ಕೊಡದ ವರದಿ, ರೋಗದ ವಿಚಾರದಲ್ಲಿ, ಏನನ್ನೂ ಹೇಳಿದಂತಾಗಲಿಲ್ಲ.

ರೋಗನಿರೋಧಶಕ್ತಿಯ ಪ್ರಯೋಗಗಳಿಗೆ ಬರೋಣ. ಇಲ್ಲಿ ನೀರು ಮತ್ತೊಂದು ಬಗೆಯಲ್ಲಿ ಕೈಯಾಡಿಸುವುದು. ಸಿ ಜೀವಸತ್ತ್ವ, ಅಂದರೆ ಆಸ್ಕಾರ್ಬಿಕ್ ಆಮ್ಲ, ತೇವ, ಗಾಳಿ, ತಾಮ್ರ ಕಬ್ಬಿಣಗಳ ಅಂಶ ಇವು ಕೂಡಿದಲ್ಲಿ ಬೇಗ ಕೆಡುವುದು. ಹೆಚ್ಚಿನ ಸಾಕುಮೀನುಗಳು ಇದನ್ನು ತಮ್ಮ ಮೈಯಲ್ಲಿ ಬೇಕಾದಷ್ಟು ತಯಾರಿಸಿಕೊಳ್ಳಲಾರವು. ಇದರ ಅಭಾವದಲ್ಲಿ ಅಮೆರಿಕದ ಚಾನೆಲ್ ಕ್ಯಾಟ್‌ಫಿಷ್ ಮೀನುಗಳ ಬೆನ್ನೆಲುಬು ಡೊಂಕಾಗುವುದನ್ನು ಆಬರ್ನ್ ವಿಶ್ವವಿದ್ಯಾನಿಲಯದ ಲೊವೆಲ್ ಅವರು ೧೯೭೩ರಲ್ಲಿ ವಿವರಿಸಿದರು. ೧೯೮೫ರಲ್ಲಿ ಲೀ ಮತ್ತು ಲೊವೆಲ್, ಅಗತ್ಯಕ್ಕಿಂತ ಹಲವು ಪಟ್ಟು ಆಸ್ಕಾರ್ಬಿಕ್ ಆಮ್ಲವನ್ನು ಉಣಿಸಿದಾಗ ಎಡ್ವರ್ಡ್ಸಿಯೆಲ್ಲ ಇಕ್ಟಲುರಿ ಎಂಬ ಬ್ಯಾಕ್ಟೀರಿಯದ ಸೋಂಕನ್ನು ಆ ಮೀನು ಉತ್ತಮವಾಗಿ ಎದುರಿಸಿತೆಂದು ತೋರಿಸಿದರು. ಅನಂತರದ ಎಲ್ಲ ಪ್ರಯೋಗಗಳೂ ಇದನ್ನು ಸಮರ್ಥಿಸಲಿಲ್ಲ. ಹೆಚ್ಚಿನ ಪ್ರಮಾಣದ ವಾದ ಏನೇ ಆಗಲಿ, ಅಭಾವದ ದುಷ್ಫಲ ನಿರ್ವಿವಾದ. ತೇವದ ಆಹಾರವನ್ನು ಒಂದು ವಾರ ಕೋಣೆಯ ಉಷ್ಣತೆಯಲ್ಲಿಟ್ಟು ಉಣಿಸಿದ ಪ್ರಯೋಗದಲ್ಲಿ ಮೀನುಗಳು ಹೆಚ್ಚು ಸತ್ತರೆ, ಸತ್ತದ್ದು ನೀರಿನಿಂದಲೋ ನೀರು ಕೆಡಿಸಿದ ಜೀವಸತ್ತ್ವದ ಅಭಾವದಿಂದಲೋ ಎಂದು ಕೇಳಬೇಕಾಗುವುದು. ಫಾಸ್ಫೇಟಿನೊಡನೆ ಬಂಧಿಸಿದ, ಸುಲಭವಾಗಿ ಕೆಡದ ಆಸ್ಕಾರ್ಬಿಕ್ ಆಮ್ಲವನ್ನು ಎರಡೂ ಆಹಾರಗಳಿಗೆ ಹಾಕಿ, ಉಣಿಸುವ ದಿನವೇ ಅದನ್ನು ಅಳೆದಿದ್ದರೆ ಈ ಪ್ರಶ್ನೆ ಏಳುತ್ತಿರಲಿಲ್ಲ.

ರೋಗನಿರೋಧವನ್ನು ಅಳೆಯುವ ವಿಧಾನವೂ ಪ್ರಶ್ನಾರ್ಹ. ರಕ್ತದ ಲೈಸೋಜೈಮ್ ಏರಿತು, ಬಿಳಿಯ ಕಣಗಳ ಚಟುವಟಿಕೆ ಹೆಚ್ಚಿತು, ಆದುದರಿಂದ ಮೀನಿನ ರೋಗನಿರೋಧಶಕ್ತಿ ವೃದ್ಧಿಯಾಯಿತು ಎನ್ನುವ ವಾದಸರಣಿಯಲ್ಲಿ ‘ಆದುದರಿಂದ’ ಎಂಬ ಪದಕ್ಕೆ ಆಧಾರವಿಲ್ಲ. ಇವು ಸೂಚನೆಗಳು, ನಿರೋಧವೆಂದರೆ ಸೋಂಕು ತಗುಲಿದಾಗ ಬದುಕುವುದು. ಸೋಂಕು ತಗುಲಿಸುವವರೂ ಸಾಮಾನ್ಯವಾಗಿ ಏರೊಮೊನಾಸ್ ಹೈಡ್ರೊಫಿಲವನ್ನು ಸೂಜಿಯಿಂದ ಹೊಟ್ಟೆಯೊಳಕ್ಕೆ ಚುಚ್ಚುವರು. ಮೈಲೋಳೆ, ಕಿವಿರು, ಕರುಳಿನ ಒಳಪದರ ಎಂಬ ಮೂರು ಕೋಟೆಗಳನ್ನೂ ಹೀಗೆ ದಾಟಿಸಿಬಿಟ್ಟರೆ, ಆಹಾರದ ಗುಣ ಮುಖ್ಯವಾಗಿ ಯಾವ ಕರುಳಿನಲ್ಲಿ ಪ್ರಕಟವಾಗಬೇಕೋ ಆ ಕರುಳೇ ಪರೀಕ್ಷೆಯಿಂದ ಹೊರಗುಳಿಯುವುದು. ಇನ್ನು ಸಂಖ್ಯೆಗಳು. ಒಂದೊಂದು ತೊಟ್ಟಿಯಲ್ಲಿ ೨೦ ಮೀನು. ಒಣ ಆಹಾರದ ತೊಟ್ಟಿಯಲ್ಲಿ ೧೨ ಸತ್ತುವು, ತೇವದ ಆಹಾರದ ತೊಟ್ಟಿಯಲ್ಲಿ ೮ ಎನ್ನೋಣ. ರೂಢಿಯ ಸೂತ್ರದ ಪ್ರಕಾರ ಸಾಪೇಕ್ಷ ಉಳಿವು ಶೇಕಡ ೩೩. ಕಿವಿಗೆ ಇಂಪಾದ ಅಂಕಿ. ಆದರೆ ಅರ್ಧಕ್ಕೆ ಅರ್ಧ ಸಾಯತಕ್ಕ ಸೋಂಕಿನಲ್ಲಿ, ಒಂದೇ ಆಹಾರ ತಿಂದ ಎರಡು ತೊಟ್ಟಿಗಳ ನಡುವೆಯೂ ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಮೀನುಗಳ ಅಂತರ ಸುಮಾರು ನಾಲ್ಕರಲ್ಲಿ ಒಂದು ಸಲ ಕೇವಲ ಆಕಸ್ಮಿಕವಾಗಿ ಬರುವುದು. ತೊಟ್ಟಿಯೊಳಗೆ ಒಂದು ಮೀನಿನಿಂದ ಇನ್ನೊಂದಕ್ಕೆ ರೋಗ ಹರಡುವಾಗ ಆಕಸ್ಮಿಕದ ಪಾಲು ಇನ್ನೂ ಹೆಚ್ಚು. ಇಲ್ಲಿ ಎಣಿಸತಕ್ಕದ್ದು ತೊಟ್ಟಿಗಳನ್ನು, ಮೀನುಗಳನ್ನಲ್ಲ. ಅರವತ್ತು ಮೀನಿದೆಯೆಂದು ಹಿಗ್ಗುವ ಪ್ರಯೋಗಕರ್ತನ ಕೈಯಲ್ಲಿ ನಿಜವಾಗಿ ಇರುವುದು ಮೂರು ತೊಟ್ಟಿ.

ನೀರಿಗೆ ಸ್ವಂತ ಗುಣವೇ ಇಲ್ಲವೆಂದು ನಾವು ಹೇಳುತ್ತಿದ್ದೇವೆಂದು ವಾಚಕರು ಭಾವಿಸಬಾರದು. ಸಮುದ್ರದ ಮೀನು ತನ್ನ ಮೈಯ ನೀರನ್ನು ಸದಾ ಹೊರಗಿನ ಉಪ್ಪುನೀರಿಗೆ ಕಳೆದುಕೊಳ್ಳುತ್ತ, ಸಮುದ್ರವನ್ನೇ ಕುಡಿದು, ಉಪ್ಪನ್ನು ಕಿವಿರಿನಿಂದ ಹೊರಹಾಕಿ ಬದುಕುವುದು. ಅದರ ಜಠರಕ್ಕೆ ಬಿದ್ದ ಒಣ ಗುಳಿಗೆ ನೆನೆಯಲು ಬೇಕಾದ ನೀರಿಗೂ ಉಪ್ಪಿನ ಸುಂಕ ತೆರಬೇಕು. ಸಿಹಿನೀರಿನ ಮೀನಿನ ಸ್ಥಿತಿ ಇದಕ್ಕೆ ತಿರುಗುಮುರುಗು. ನೀರು ತಾನಾಗಿ ಮೈಯೊಳಕ್ಕೆ ನುಗ್ಗುವುದು, ಅದನ್ನು ತೆಳುವಾದ ಮೂತ್ರವಾಗಿ ಹೊರಹಾಕುವುದೇ ಅದರ ಕೆಲಸ. ಸಮುದ್ರದ ಬುರಿಯ ಫಲವನ್ನು ಕೆರೆಯ ರೋಹುವಿಗೆ ಅನ್ವಯಿಸುವವರು ಈ ಭೇದವನ್ನು ಮರೆಯುವರು. ಅದಕ್ಕಿಂತ ದೊಡ್ಡ ಭೇದವೊಂದಿದೆ. ಟ್ರೌಟ್, ಸಾಲ್ಮನ್, ಬುರಿ ಇವಕ್ಕೆಲ್ಲ ಜಠರವುಂಟು. ಒಣ ಗುಳಿಗೆ ಅಲ್ಲಿ ಕೆಲವು ಗಂಟೆ ನೆನೆಯಬಲ್ಲದು. ಗೆಂಡೆಯ ಬಳಗಕ್ಕೆ ಜಠರವೇ ಇಲ್ಲ. ಕಾಟ್ಲ, ರೋಹು, ಮೃಗಾಲ್ ಇವು ಗಂಟಲ ಹಲ್ಲಿನಿಂದ ಆಹಾರವನ್ನು ಅರೆದು ನೇರವಾಗಿ ಕರುಳಿಗೆ ಕಳುಹಿಸುವುವು. ಹೀಗಿರಲು ಟ್ರೌಟಿನ ಜಠರದಲ್ಲಿ ನಡೆದದ್ದನ್ನು ನಮ್ಮ ಮೀನಿನ ಇಲ್ಲದ ಜಠರಕ್ಕೆ ಆರೋಪಿಸುವುದು ಹೇಗೆ? ನಮಗೆ ಹತ್ತಿರದ ಸಾಕ್ಷ್ಯವೆಂದರೆ ಗೆಂಡೆಯ ಬಳಗಕ್ಕೇ ಸೇರಿದ ಹೊಂಬಣ್ಣದ ಗೋಲ್ಡ್‌ಫಿಷ್. ೧೯೬೧ರಲ್ಲಿ ರೋಜಿನ್ ಮತ್ತು ಮೇಯರ್ ಅದರ ಆಹಾರಕ್ಕೆ ಸಾರವಿಲ್ಲದ ಜೇಡಿಮಣ್ಣನ್ನು ಬೆರೆಸಿದಾಗ ಮೀನು ಹೆಚ್ಚು ತಿಂದು ಆ ಕೊರತೆಯನ್ನು ತುಂಬಿಕೊಂಡಿತು. ಬೇಕಾದಷ್ಟು ತಿನ್ನಲು ಬಿಟ್ಟರೆ ನೀರು ಬೆರೆತ ಆಹಾರದಲ್ಲಿಯೂ ಹೀಗೆಯೇ ಆಗುವುದು ಸಂಭವನೀಯ. ತೂಗಿ ಕೊಟ್ಟರೆ ಆಗದು. ಒಂದೇ ಆಹಾರಕ್ಕೆ ಎರಡು ಪ್ರಯೋಗಶಾಲೆಗಳಲ್ಲಿ ಎರಡು ಫಲ ಬರಲು ಈ ಒಂದು ವ್ಯತ್ಯಾಸವೇ ಸಾಕು.

ಕೊಲ್ಲೇರು ಪ್ರದೇಶದಲ್ಲಿ ತೌಡು ಹಿಂಡಿಗಳನ್ನು ತೂತು ಮಾಡಿದ ಚೀಲಗಳಲ್ಲಿ ತುಂಬಿ ಕೋಲಿಗೆ ಕಟ್ಟಿ ಕೊಳದಲ್ಲಿ ಇಳಿಬಿಡುವರು. ಮೀನುಗಳು ಬಂದು ತೂತುಗಳಿಂದ ಎಳೆದು ತಿನ್ನುವುವು. ಈ ಆಹಾರ ಒಣಗಿದ್ದೋ ತೇವದ್ದೋ? ಚೀಲ ಕಟ್ಟಿದಾಗ ಒಣ, ಬಾಯಿಗೆ ಬಂದಾಗ ಕೆಸರು. ನಮ್ಮ ಉಂಡೆಯಾದರೋ ಮೊದಲೇ ನೆನೆದದ್ದು. ಆದರೆ ಬೇಯಿಸದ ಪಿಷ್ಟಕ್ಕೆ ಅಂಟಿಲ್ಲದ ಕಾರಣ ತಟ್ಟೆಯಲ್ಲಿಯೇ ಕರಗುತ್ತ ಹೋಗುವುದು. ಮೀನಿಗೆ ಸೇರಿದ್ದೆಷ್ಟು, ನೀರಿಗೆ ಸೇರಿ ಪಾಚಿಗೆ ಗೊಬ್ಬರವಾದದ್ದೆಷ್ಟು ಎಂಬುದನ್ನು ಅಳೆಯದೆ ಉಂಡೆಯನ್ನೂ ಗುಳಿಗೆಯನ್ನೂ ಹೋಲಿಸುವುದು ವ್ಯರ್ಥಶ್ರಮ. ನಮ್ಮ ವಿದ್ಯಾರ್ಥಿಗಳಲ್ಲಿ ಯಾರಾದರೂ ಈ ವಿಷಯವನ್ನು ಕೈಗೆತ್ತಿಕೊಳ್ಳುವುದಾದರೆ ಹೊಸ ಆಹಾರವನ್ನು ಹುಡುಕಬೇಕಾಗಿಲ್ಲ. ಒಂದೇ ಬಾರಿಗೆ ತಯಾರಿಸಿದ, ಅಫ್ಲಟಾಕ್ಸಿನ್ ಪರೀಕ್ಷೆಯಾದ ಒಂದೇ ಒಣ ಗುಳಿಗೆಯನ್ನು ತೆಗೆದುಕೊಂಡು, ಅದರಲ್ಲಿ ಒಂದು ಪಾಲನ್ನು ಉಣಿಸುವುದಕ್ಕೆ ಅರ್ಧ ಗಂಟೆ ಮೊದಲು ಅಳತೆಯ ನೀರಿನಲ್ಲಿ ನೆನೆಸಿ, ಎರಡನ್ನೂ ಶುಷ್ಕಾಂಶದ ಮೇಲೆ ಸಮನಾಗಿ ತೂಗಿ, ತೊಟ್ಟಿಗೆ ತೊಟ್ಟಿಯನ್ನು ಎಣಿಸಿ ಉಣಿಸಿದರೆ, ನೀರಲ್ಲದ ಬೇರೆ ಯಾವುದೂ ವ್ಯತ್ಯಾಸವಾಗಿ ಉಳಿಯದು. ಒಂದು ಗಂಟೆಯ ಮೇಲೆ ತಟ್ಟೆಯನ್ನು ಎತ್ತಿ, ಉಳಿದದ್ದನ್ನು ಬಟ್ಟೆಯಲ್ಲಿ ಸೋಸಿ, ಒಲೆಯಲ್ಲಿ ತೂಕ ನಿಲ್ಲುವವರೆಗೆ ಒಣಗಿಸಿ ತೂಗಬೇಕು. ಮೀನಿಲ್ಲದ ತೊಟ್ಟಿಯೊಂದರಲ್ಲಿಯೂ ಅದೇ ಹೊತ್ತು ಅದೇ ಆಹಾರವನ್ನು ಇಟ್ಟು, ಕರಗಿಹೋದ ಪಾಲನ್ನು ಬೇರೆಯಾಗಿ ಕಳೆಯಬೇಕು.